ಈಜುಕೊಳದ ಪಂಪು, ಬೋರ್‌ವೆಲ್ ಮೋಟಾರು: ತಾನೇ ಓಡುವ ಯಂತ್ರದ ಎರಡು ಚರಿತ್ರೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಜುಕೊಳ ಇರುವ ಮನೆಯ ಹಿತ್ತಲಲ್ಲಿ ಒಂದು ಪಂಪು ಇರುತ್ತದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಸಾವಿರ ಅಡಿ ಕೆಳಗೆ ಒಂದು ಮೋಟಾರು ಇರುತ್ತದೆ. ಅಲ್ಲಾಗಲಿ ಇಲ್ಲಾಗಲಿ, ಗುಂಡಿ ಒತ್ತಲು ಜನ ಹೋಗುವುದು ಈಗ ಕಡಿಮೆಯಾಗಿದೆ. ಎರಡೂ ಕಡೆಯ ಪೆಟ್ಟಿಗೆ ಬಿಚ್ಚಿ ನೋಡಿದರೆ ಸಾಮಾನು ಬಹುತೇಕ ಒಂದೇ: ಒಂದು ರಿಲೇ, ಒಂದು ಚಿಪ್, ಕರೆಂಟ್ ಅಳೆಯುವ ಸೆನ್ಸರ್, ಮೊಬೈಲಿಗೆ ಸುದ್ದಿ ಕಳಿಸುವ ಸಣ್ಣ ಬೋರ್ಡು.

ಆದರೆ ಅಲ್ಲಿನ ಪೆಟ್ಟಿಗೆ ಪಂಪನ್ನು ಆದಷ್ಟು ಕಡಿಮೆ ಖರ್ಚಿನಲ್ಲಿ ಓಡಿಸಲು ನೋಡುತ್ತದೆ. ಇಲ್ಲಿನ ಪೆಟ್ಟಿಗೆ ಕರೆಂಟ್ ಇದ್ದಷ್ಟು ಹೊತ್ತೂ ಓಡಿಸಲು ನೋಡುತ್ತದೆ. ಸಾಮಾನು ಒಂದೇ ಆದರೂ ಕೆಲಸ ಉಲ್ಟಾ ಯಾಕಾಯಿತು? ಅದಕ್ಕೆ ಎರಡೂ ಪಂಪುಗಳ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಚೆಂಡು ಮತ್ತು ಟಕ್ ಎನ್ನುವ ಪೆಟ್ಟಿಗೆ

ನೀರು ಎಷ್ಟಿದೆ ಎಂದು ಯಂತ್ರವೇ ನೋಡಿಕೊಳ್ಳುವ ಉಪಾಯ ತುಂಬ ಹಳೆಯದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಕ್ಟೆಸಿಬಿಯಸ್ ಎಂಬಾತ ನೀರಿನ ಗಡಿಯಾರದಲ್ಲಿ ತೇಲುವ ಬಿರಡೆ ಬಳಸಿದನೆಂದು ಯಂತ್ರಗಳ ಚರಿತ್ರೆ ಬರೆದವರು ಹೇಳುತ್ತಾರೆ. ನೀರು ಏರಿದರೆ ಬಿರಡೆ ಏರಿ ದಾರಿ ಮುಚ್ಚುತ್ತದೆ, ಇಳಿದರೆ ದಾರಿ ಬಿಡುತ್ತದೆ. ಇವತ್ತು ನಿಮ್ಮ ಮನೆಯ ಫ್ಲಶ್ ಟ್ಯಾಂಕಿನೊಳಗೆ ತೇಲುವ ಚೆಂಡು ಇದೇ ವಂಶದ್ದು. ಓವರ್‌ಹೆಡ್ ಟ್ಯಾಂಕ್ ತುಂಬಿದ ಕೂಡಲೇ ಮೋಟಾರು ನಿಲ್ಲಿಸುವ ಫ್ಲೋಟ್ ಸ್ವಿಚ್ಚೂ ಅದೇ.

ಎರಡನೆಯ ಸಾಮಾನು ರಿಲೇ. 1835ರಲ್ಲಿ ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ಇದನ್ನು ರೂಪಿಸಿದರು. ಸುರುಳಿ ಸುತ್ತಿದ ತಂತಿಗೆ ಸಣ್ಣ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಒಂದು ತುಂಡು ಕಬ್ಬಿಣವನ್ನು ಎಳೆಯುತ್ತದೆ, ಆ ಕಬ್ಬಿಣ ದೊಡ್ಡ ಕರೆಂಟಿನ ದಾರಿಯನ್ನು ಕೂಡಿಸುತ್ತದೆ. ಮೋಟಾರ್ ಚಾಲೂ ಆಗುವ ಮೊದಲು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ‘ಟಕ್’ ಎಂದು ಸದ್ದು ಬರುತ್ತದಲ್ಲ, ಅದು ರಿಲೇಯ ಅಣ್ಣ ಕಾಂಟ್ಯಾಕ್ಟರಿನ ಸದ್ದು. ನೀರು ನೋಡುವ ಚೆಂಡು, ಕರೆಂಟ್ ಕೂಡಿಸುವ ರಿಲೇ. ಇವೆರಡು ಸೇರಿದರೆ ಪಂಪಿಗೆ ಮನುಷ್ಯ ಬೇಕಾಗಿಲ್ಲ. ಆಮೇಲೆ ಬಂದದ್ದೆಲ್ಲ ಇವುಗಳ ಸುಧಾರಣೆ.

ಈಜುಕೊಳಕ್ಕೆ ಗಡಿಯಾರ ಕಟ್ಟಿದರು

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಬಿಸಿಲಿನ ಸೀಮೆಗಳಲ್ಲಿ ಮನೆಮನೆಗೆ ಈಜುಕೊಳ ಬಂತು. ಅಲ್ಲಿ ಪಂಪಿನ ಕೆಲಸ ನೀರೆತ್ತುವುದಲ್ಲ. ಕೊಳದಲ್ಲಿರುವ ಅದೇ ನೀರನ್ನು ಎಳೆದು, ಫಿಲ್ಟರಿನಲ್ಲಿ ಸೋಸಿ, ಮತ್ತೆ ಕೊಳಕ್ಕೆ ಬಿಡುವುದು. ದಿನಕ್ಕೆ ಹಲವು ಗಂಟೆ ಓಡದಿದ್ದರೆ ನೀರು ಪಾಚಿ ಕಟ್ಟುತ್ತದೆ. ಮರೆಯದೆ ಆನ್ ಮಾಡಿ ಆಫ್ ಮಾಡಲು ಗೋಡೆಗೆ ಟೈಮ್ ಸ್ವಿಚ್ ಹಾಕಿದರು. ನಿಧಾನವಾಗಿ ತಿರುಗುವ ಬಿಲ್ಲೆಗೆ ಎರಡು ಮೊಳೆ: ಒಂದು ಬಂದಾಗ ಆನ್, ಇನ್ನೊಂದು ಬಂದಾಗ ಆಫ್. ಈ ಗಡಿಯಾರಕ್ಕೆ ಕೊಳದಲ್ಲಿ ನೀರಿದೆಯೋ ಇಲ್ಲವೋ ಗೊತ್ತಿಲ್ಲ. ಹೊತ್ತು ಮಾತ್ರ ಗೊತ್ತು.

ಮುಂದೆ ಒಂದೊಂದೇ ಸೆನ್ಸರ್ ಸೇರುತ್ತಾ ಹೋಯಿತು. ಚಳಿ ಸೀಮೆಯಲ್ಲಿ ಪೈಪಿನ ನೀರು ಹೆಪ್ಪುಗಟ್ಟಿದರೆ ಪೈಪು ಸೀಳುತ್ತದೆ. ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಗಾಳಿಯ ತಾಪ ಸೊನ್ನೆಯ ಹತ್ತಿರ ಇಳಿದರೆ ನಡುರಾತ್ರಿಯಲ್ಲೂ ಪಂಪ್ ಚಾಲೂ ಆಗುವಂತೆ ಮಾಡಿದರು. 1975ರಲ್ಲಿ ಸ್ಕಾಟ್ಲೆಂಡಿನ ಪೀಕೋ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ‘ಎಕ್ಸ್-10’ ಎಂಬ ವಿಧಾನ ತಂದಿತು. ಮನೆಯ ಕರೆಂಟ್ ತಂತಿಯಲ್ಲೇ ಸಂದೇಶ ಕಳಿಸಿ ದೂರದ ದೀಪ, ಯಂತ್ರಗಳನ್ನು ನಡೆಸುವ ಉಪಾಯ ಅದು. ‘ಸ್ಮಾರ್ಟ್ ಹೋಮ್’ ಎಂದು ಈಗ ಕರೆಯುವುದರ ಬೇರು ಅಲ್ಲಿದೆ.

ದೊಡ್ಡ ಬದಲಾವಣೆ ತಂದದ್ದು ಮಾತ್ರ ಕರೆಂಟ್ ಬಿಲ್ಲು. ಅಲ್ಲಿನ ಮನೆಗಳಲ್ಲಿ ಅತಿ ಹೆಚ್ಚು ಕರೆಂಟ್ ತಿನ್ನುವ ಯಂತ್ರಗಳಲ್ಲಿ ಈಜುಕೊಳದ ಪಂಪೂ ಒಂದು. ಪಂಪಿನ ಒಂದು ನಿಯಮ ಇಲ್ಲಿ ಉಪಯೋಗಕ್ಕೆ ಬಂತು. ನೀರನ್ನು ಎತ್ತರಕ್ಕೆ ಎತ್ತದೆ ಬರೀ ಸುತ್ತಿಸುವ ಪಂಪಿನ ವೇಗವನ್ನು ಅರ್ಧ ಮಾಡಿದರೆ ಅದಕ್ಕೆ ಬೇಕಾಗುವ ಶಕ್ತಿ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟೇ ನೀರು ಸೋಸಲು ಎರಡರಷ್ಟು ಹೊತ್ತು ಓಡಿಸಿದರೂ ಖರ್ಚು ಕಾಲು ಭಾಗ. ಈ ಲೆಕ್ಕ ಹಿಡಿದು ಕ್ಯಾಲಿಫೋರ್ನಿಯಾ 2008ರಿಂದ ಒಂದು ಎಚ್‌ಪಿ ಮತ್ತು ಮೇಲಿನ ಸೋಸುವ ಪಂಪುಗಳಿಗೆ ಕನಿಷ್ಠ ಎರಡು ವೇಗ ಇರಬೇಕೆಂದು ನಿಯಮ ಮಾಡಿತು. 2021ರ ಜುಲೈಯಿಂದ ಇಡೀ ಅಮೆರಿಕಕ್ಕೆ ಈಜುಕೊಳದ ಪಂಪುಗಳ ಕರೆಂಟ್ ಮಿತಿಯ ನಿಯಮ ಬಂತು.

ಇದೇ ಕಾಲಕ್ಕೆ ಚಿಪ್ಪುಗಳು ಅಗ್ಗವಾದವು. 2013ರಲ್ಲಿ ‘ಹೋಮ್ ಅಸಿಸ್ಟೆಂಟ್’ ಎಂಬ ಉಚಿತ ತಂತ್ರಾಂಶ ಹುಟ್ಟಿತು. 2014ರಲ್ಲಿ ಶಾಂಘೈನ ಎಸ್‌ಪ್ರೆಸ್ಸಿಫ್ ಕಂಪನಿಯ ಇಎಸ್‌ಪಿ8266 ಎಂಬ ಪುಟ್ಟ ವೈಫೈ ಚಿಪ್ ಮಾರುಕಟ್ಟೆಗೆ ಬಂತು. ಇವನ್ನು ಬಳಸಿ ಕೊಳದ ಮಾಲೀಕರು ಮನೆಯಲ್ಲೇ ಪಂಪಿಗೆ ಬುದ್ಧಿ ಕಲಿಸತೊಡಗಿದರು. ನೀರಿನ ತಾಪ ಎಷ್ಟು, ಫಿಲ್ಟರಿನ ಒತ್ತಡ ಎಷ್ಟು, ಚಾವಣಿಯ ಸೋಲಾರ್ ಈಗ ಎಷ್ಟು ಕರೆಂಟ್ ಕೊಡುತ್ತಿದೆ, ಯಾವ ಹೊತ್ತಿನಲ್ಲಿ ಯೂನಿಟ್ ದರ ಕಡಿಮೆ, ಇಷ್ಟನ್ನೂ ನೋಡಿ ಪಂಪು ತಾನೇ ತೀರ್ಮಾನಿಸುತ್ತದೆ.

ಇಲ್ಲಿ ಎರಡು ಸಂಗತಿ ನೆನಪಿಟ್ಟುಕೊಳ್ಳಿ. ಕೊಳದ ಮಾಲೀಕನಿಗೆ ಕರೆಂಟ್ ದಿನವಿಡೀ ಇದೆ, ಆದರೆ ದುಡ್ಡು ಕೊಡಬೇಕು. ನೀರು ಕಣ್ಣೆದುರಿಗಿದೆ, ಅದು ಅವನೊಬ್ಬನದೇ. ನಮ್ಮ ಕಡೆ ಈ ಎರಡೂ ತಿರುಗುಮುರುಗು. ಅದು ಹೇಗಾಯಿತೆಂಬುದೇ ಇನ್ನೊಂದು ಚರಿತ್ರೆ.

ನೀರು ಕಾಣುತ್ತಿದ್ದ ಕಾಲ

ನಮ್ಮ ಬಯಲುಸೀಮೆಯಲ್ಲಿ ಕೆರೆಗಳಿದ್ದ ಕಾಲಕ್ಕೆ ‘ಸೆನ್ಸರ್’ ಎಂದರೆ ನೀರುಗಂಟಿ. ತೂಬು ಎತ್ತುವವನು ಅವನು, ಇಳಿಸುವವನು ಅವನು. ಕೆರೆಯಲ್ಲಿ ಎಷ್ಟು ನೀರಿದೆ ನೋಡಿ, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನಡೆಸಿಕೊಡುತ್ತಿದ್ದ. ಅದಕ್ಕೆ ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಸಿಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಭಾರವೂ ಇತ್ತು. ನೀರು ಹಂಚುವವನಿಗೆ ಎಷ್ಟೋ ಕಡೆ ಸ್ವಂತ ಗದ್ದೆ ಇರುತ್ತಿರಲಿಲ್ಲ. ಅದನ್ನು ಚಿನ್ನದ ಕಾಲ ಎನ್ನಬೇಕಾಗಿಲ್ಲ. ಆದರೆ ತೂಬು ಎತ್ತುವ ಮೊದಲು ಯಾರೋ ಒಬ್ಬರು ಊರಿನ ನೀರನ್ನು ನೋಡುತ್ತಿದ್ದರು ಎಂಬುದು ನಿಜ.

ತೆರೆದ ಬಾವಿಯಲ್ಲೂ ಹಾಗೆಯೇ. ಏತದಲ್ಲಿ ಮನುಷ್ಯ, ಕಪಿಲೆಯಲ್ಲಿ ಎತ್ತು. ಎತ್ತಿಗೆ ಸುಸ್ತಾದರೆ ಕಪಿಲೆ ನಿಂತಿತು. ರಾತ್ರಿ ಬಾವಿ ಮತ್ತೆ ಊರುತ್ತಿತ್ತು. ಬೆಳಗ್ಗೆ ಬಗ್ಗಿ ನೋಡಿದರೆ ಎಷ್ಟು ಮೆಟ್ಟಿಲು ನೀರು ಇಳಿದಿದೆ ಎಂದು ಮನೆಯ ಮಕ್ಕಳಿಗೂ ಗೊತ್ತಾಗುತ್ತಿತ್ತು.

ಆಮೇಲೆ ಯಂತ್ರ ಬಂತು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ನಮ್ಮ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಹೊಲಕ್ಕೆ ತಂತಿ ಬರಲು ಇನ್ನೂ ದಶಕಗಳು ಬೇಕಾದವು. ಪಂಪಿನ ಚರಿತ್ರೆಯಲ್ಲೂ ನಮ್ಮ ನಾಡಿನವರಿದ್ದಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಂಪನಿ 1926ರಲ್ಲಿ ದೇಶದಲ್ಲೇ ತಯಾರಾದ ಸೆಂಟ್ರಿಫ್ಯೂಗಲ್ ಪಂಪ್ ತಂದಿತು. 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುದೀಕರಣ ನಿಗಮದ ಸಾಲದಿಂದ ಪಂಪ್‌ಸೆಟ್ಟುಗಳಿಗೆ ವೇಗವಾಗಿ ಸಂಪರ್ಕ ಸಿಕ್ಕಿತು.

ಇಲ್ಲಿಯವರೆಗೂ ಪಂಪು ಬಾವಿಯ ಕಟ್ಟೆಯ ಮೇಲಿತ್ತು, ನೀರು ಕಾಣುತ್ತಿತ್ತು. ಅದನ್ನು ಮರೆಮಾಡಿದ್ದು ಕೊಳವೆಬಾವಿ. 1967ರ ಹೊತ್ತಿಗೆ ಬಿಹಾರದ ಬರಗಾಲಕ್ಕೆಂದು ಯುನಿಸೆಫ್ ಕಲ್ಲು ಕೊರೆಯುವ ರಿಗ್ಗುಗಳನ್ನು ತರಿಸಿತು. ಗಟ್ಟಿ ಬಂಡೆಯ ನೆಲದಲ್ಲೂ ಬೇಗ ಕೊರೆಯಬಹುದೆಂದು ದೇಶಕ್ಕೆ ತಿಳಿಯಿತು. ನೀರಿನೊಳಗೇ ಮುಳುಗಿ ಓಡುವ ಮೋಟಾರನ್ನು ಅಷ್ಟು ಹೊತ್ತಿಗಾಗಲೇ ಅಮೆರಿಕದಲ್ಲಿ ಎಣ್ಣೆ ಬಾವಿಗಳಿಗೆ ಬಳಸುತ್ತಿದ್ದರು; ರಷ್ಯಾದಿಂದ ಹೋಗಿ ನೆಲೆಸಿದ ಅರ್ಮೈಸ್ ಅರುಟುನಾಫ್ ಅದನ್ನು ರೂಪಿಸಿದವರು. ರಿಗ್ಗು ಮತ್ತು ಸಬ್‌ಮರ್ಸಿಬಲ್ ಮೋಟಾರು, ಈ ಎರಡು ಸೇರಿದ ಮೇಲೆ ನೀರು ಆರಿಂಚಿನ ಕೊಳವೆಯೊಳಗೆ ಹೋಯಿತು. ಬಗ್ಗಿ ನೋಡುವ ಹಾಗಿಲ್ಲ. ‘ಎರಡಿಂಚು ನೀರು ಬಿತ್ತು’ ಎಂದು ಪೈಪಿನ ಬಾಯಲ್ಲಿ ಬಂದದ್ದನ್ನು ಅಳೆದೆವೇ ಹೊರತು ಒಳಗೆ ಉಳಿದದ್ದನ್ನು ಅಳೆಯಲಿಲ್ಲ.

ಹಸಿರು ಗುಂಡಿಯ ಕಥೆ

ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಇರುವುದು ನಿಮಗೆ ಗೊತ್ತು. ಕರೆಂಟ್ ಹೋದರೆ ಒಳಗಿನ ಕಾಯಿಲ್ ಕೈ ಬಿಡುತ್ತದೆ. ಕರೆಂಟ್ ಮತ್ತೆ ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವ ತನಕ ಮೋಟಾರ್ ಓಡುವುದಿಲ್ಲ. ಇದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ರಿಪೇರಿಗೆ ಕೈ ಹಾಕಿದವನ ಮೇಲೆ ಯಂತ್ರ ದಿಢೀರನೆ ಓಡಬಾರದು, ಎಲ್ಲ ಮೋಟಾರುಗಳೂ ಒಂದೇ ಕ್ಷಣಕ್ಕೆ ಎದ್ದು ಲೈನಿಗೆ ಹೊಡೆತ ಕೊಡಬಾರದು ಎಂದು.

ಆದರೆ ಕರೆಂಟ್ ಸಾಲದೇ ಹೋದಾಗ ಈ ಗುಂಡಿಯೇ ರೈತರಿಗೆ ಶಿಕ್ಷೆಯಾಯಿತು. 1980ರ ದಶಕದಲ್ಲಿ ಪಂಪ್‌ಸೆಟ್ಟಿಗೆ ಮೀಟರ್ ಬದಲು ಎಚ್‌ಪಿ ಲೆಕ್ಕದಲ್ಲಿ ದರ ಹಾಕುವ ಪದ್ಧತಿ ಇತ್ತು. 1990ರ ದಶಕದ ಆರಂಭದಲ್ಲಿ ಎಸ್. ಬಂಗಾರಪ್ಪನವರ ಸರ್ಕಾರ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟಿತು. ನಡುವೆ ನೀತಿ ಬದಲಾಗಿ, 2008ರಿಂದ ಉಚಿತ ಮತ್ತೆ ಬಂತು. ದರ ಇಲ್ಲದ ಕರೆಂಟಿಗೆ ಸಮಯದ ಮಿತಿ ಹಾಕಿದರು. ದಿನಕ್ಕೆ ಇಷ್ಟು ಗಂಟೆ ತ್ರೀ ಫೇಸ್, ಅದರಲ್ಲೂ ಒಂದಷ್ಟು ಪಾಳಿ ರಾತ್ರಿಗೆ. ದುಡ್ಡಿನ ಬದಲು ರೈತ ನಿದ್ದೆಯಲ್ಲಿ ಬೆಲೆ ತೆತ್ತ.

ರಾತ್ರಿ ಒಂದು ಗಂಟೆಗೆ ಕರೆಂಟ್ ಬಂದರೆ ಒಂದು ಗಂಟೆಗೇ ಎದ್ದು ಹೋಗಬೇಕು. ನಡುವೆ ಹೋಗಿ ಬಂದರೆ ಮತ್ತೆ ಹೋಗಬೇಕು. ಬದುವಿನ ಮೇಲೆ ಹಾವು, ಒದ್ದೆ ಕೈಯಲ್ಲಿ ಸ್ಟಾರ್ಟರ್, ಕಾಡಂಚಿನ ಊರಾದರೆ ಆನೆ, ಕರಡಿ. ಹೊಲಕ್ಕೆ ನೀರು ಹಾಯಿಸಲು ಹೋದವರು ಬೆಳಗ್ಗೆ ಮನೆಗೆ ಬರಲಿಲ್ಲ ಎಂಬ ಸುದ್ದಿಯನ್ನು ಜಿಲ್ಲಾ ವರದಿಗಾರರಾದ ನಾವೆಲ್ಲ ನಾಲ್ಕು ಸಾಲಲ್ಲಿ ಬರೆದು ಕಳಿಸಿದ್ದೇವೆ.

ಆದ್ದರಿಂದ ಕೆಲವರು ಹಸಿರು ಗುಂಡಿಗೆ ಕಡ್ಡಿ ಸಿಕ್ಕಿಸಿದರು. ಆಮೇಲೆ ಅಂಗಡಿಯಲ್ಲೇ ‘ಆಟೋ’ ಪೆಟ್ಟಿಗೆ ಸಿಕ್ಕಿತು. ಮೂರೂ ಫೇಸ್ ಬಂದಿದೆಯೇ ನೋಡಿ ಅದೇ ಗುಂಡಿ ಒತ್ತಿದ ಹಾಗೆ ಮಾಡುವ ಪೆಟ್ಟಿಗೆ. ಮನೆಯವರು ನಿಶ್ಚಿಂತೆಯಿಂದ ಮಲಗಿದರು. ಇದನ್ನು ಸೋಮಾರಿತನ ಎನ್ನುವವರು ಒಂದು ವಾರ ಆ ರಾತ್ರಿ ಪಾಳಿ ಮಾಡಿ ನೋಡಬೇಕು.

ಅದಕ್ಕೊಂದು ಬೆಲೆಯೂ ಇತ್ತು. ಮೋಟಾರ್ ಎದ್ದೇಳುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಒಂದೇ ಟಿಸಿಯ ಮೇಲಿನ ಇಪ್ಪತ್ತು ಮೋಟಾರು ಒಂದೇ ಸೆಕೆಂಡಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಕುಸಿದರೆ ಮೋಟಾರು ಇನ್ನೂ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಟಿಸಿ ಸುಟ್ಟಿತು, ವೈಂಡಿಂಗ್ ಹೋಯಿತು, ಮೋಟಾರ್ ಮೇಲೆತ್ತಲು ಮತ್ತೆ ಸಾಲ. ಹಸಿರು ಗುಂಡಿ ತಡೆಯುತ್ತಿದ್ದುದು ಇದನ್ನೇ.

ಮಿಸ್ಡ್ ಕಾಲ್ ಕೊಟ್ಟರೆ ನೀರು

ಮುಂದಿನ ಹೆಜ್ಜೆ ಮೊಬೈಲಿನದು. ದೇಶದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರಲ್ಲಿ. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಹಳ್ಳಿಯ ಕೈಗೂ ಫೋನ್ ಬಂತು. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತ್ವಾಲ್ ‘ನ್ಯಾನೋ ಗಣೇಶ್’ ಎಂಬ ಪೆಟ್ಟಿಗೆ ಮಾಡಿದರು. ಪಂಪಿನ ಹತ್ತಿರ ಒಂದು ಮೊಬೈಲ್ ಇಟ್ಟು ಅದನ್ನು ಸ್ಟಾರ್ಟರಿಗೆ ಜೋಡಿಸಿದರು. ಮನೆಯಿಂದ ಕರೆ ಮಾಡಿ ಅಂಕಿ ಒತ್ತಿದರೆ ಪಂಪು ಆನ್, ಇನ್ನೊಂದು ಒತ್ತಿದರೆ ಆಫ್. ವಯಸ್ಸಾದ ತಮ್ಮ ಅಜ್ಜ ಪಂಪ್ ಹಾಕಲು ಅಷ್ಟು ದೂರ ನಡೆಯುತ್ತಿದ್ದುದನ್ನು ಕಂಡು ಈ ಯೋಚನೆ ಬಂತೆಂದು ಅವರು ಹೇಳಿಕೊಂಡಿದ್ದಾರೆ. 2009ರಲ್ಲಿ ನೋಕಿಯಾ ನಡೆಸಿದ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು.

ಇವತ್ತಿನ ‘ಮೊಬೈಲ್ ಸ್ಟಾರ್ಟರ್’ ಅದರ ಮುಂದುವರಿಕೆ. ಸಿಮ್ ಹಾಕಿದ ಪೆಟ್ಟಿಗೆ. ಕರೆಂಟ್ ಬಂತು, ಒಂದು ಫೇಸ್ ಹೋಯಿತು, ಮೋಟಾರ್ ನಿಂತಿತು ಎಂದು ನಿಮಗೇ ಸುದ್ದಿ ಮುಟ್ಟಿಸುತ್ತದೆ. ಹೀಗೆ ಈಜುಕೊಳದ ಮಾಲೀಕನ ಕೈಯಲ್ಲಿರುವ ಆ್ಯಪೂ ನಮ್ಮ ರೈತರ ಕೈಯಲ್ಲಿರುವ ಆ್ಯಪೂ ಹತ್ತಿರ ಹತ್ತಿರ ಬಂದವು.

ನೀರನ್ನು ನೋಡುವವರು ಯಾರು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೊಳದ ಪಂಪಿಗೆ ಕಲಿಸಿದ್ದು ‘ಕರೆಂಟ್ ಉಳಿಸು’ ಎಂದು. ನಮ್ಮ ಪಂಪಿಗೆ ಕಲಿಸಿದ್ದು ‘ಕರೆಂಟ್ ಬಂದಾಗ ಬಿಡಬೇಡ’ ಎಂದು. ರೈತನ ಬುದ್ಧಿ ಕಡಿಮೆ ಎಂದಲ್ಲ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದವರು ಬಂದಾಗ ಹಿಡಿದುಕೊಳ್ಳುವುದೇ ಸರಿಯಾದ ಲೆಕ್ಕ. ಮೇಲಾಗಿ ಕೆಳಗಿನ ನೀರು ಒಬ್ಬರದಲ್ಲ. ನಾನು ಇವತ್ತು ನಿಲ್ಲಿಸಿದರೆ ಉಳಿದ ನೀರು ನನ್ನ ಬೋರಿನಲ್ಲೇ ಇರುತ್ತದೆಂಬ ಖಾತರಿ ಇಲ್ಲ, ಪಕ್ಕದ ಹೊಲದ ಮೋಟಾರು ಎಳೆಯಬಹುದು. ಕೊಳದ ಮಾಲೀಕನಿಗೆ ಈ ಚಿಂತೆ ಇಲ್ಲ.

ಅಲ್ಲಿಯ ವೇಗ ಇಳಿಸುವ ಉಪಾಯವೂ ನಮಗೆ ಹಾಗೆಯೇ ಬರುವುದಿಲ್ಲ. ಸಾವಿರ ಅಡಿಯಿಂದ ಎತ್ತಬೇಕಾದ ಪಂಪಿನ ವೇಗವನ್ನು ಅರ್ಧ ಮಾಡಿದರೆ ನೀರು ಮೇಲಕ್ಕೇ ಬರುವುದಿಲ್ಲ.

ಹಾಗಾದರೆ ನಮ್ಮ ಪೆಟ್ಟಿಗೆಯಲ್ಲಿ ನೀರನ್ನು ನೋಡುವ ಸೆನ್ಸರೇ ಇಲ್ಲವೇ? ಒಂದು ಇದೆ: ಡ್ರೈ ರನ್. ಬೋರಿನಲ್ಲಿ ನೀರು ಇಳಿದು ಪಂಪು ಗಾಳಿ ಎಳೆಯಲು ಶುರುವಾದರೆ ಅದರ ಹೊರೆ ಕಡಿಮೆಯಾಗಿ ಆಂಪಿಯರ್ ಇಳಿಯುತ್ತದೆ. ಪೆಟ್ಟಿಗೆ ಅದನ್ನು ಕಂಡು ಮೋಟಾರ್ ನಿಲ್ಲಿಸುತ್ತದೆ. ಸ್ವಲ್ಪ ಹೊತ್ತು ಕಾದು ಮತ್ತೆ ಓಡಿಸುತ್ತದೆ. ಅದನ್ನು ಇಟ್ಟಿರುವುದು ಮೋಟಾರ್ ಉಳಿಸಲು, ನೀರು ಉಳಿಸಲು ಅಲ್ಲ. ಆದರೂ ಅದು ಕೊಡುವ ಸುದ್ದಿ ನೀರಿನದೇ. ಈ ವರ್ಷ ಎರಡು ಗಂಟೆ ಓಡಿದ ಮೇಲೆ ಡ್ರೈ ರನ್ ಆಗುತ್ತಿದ್ದ ಬೋರು ಮುಂದಿನ ವರ್ಷ ಒಂದು ಗಂಟೆಗೇ ನಿಂತರೆ, ಕೆಳಗೆ ಏನಾಗುತ್ತಿದೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಆ ಸುದ್ದಿಯನ್ನು ಬರೆದಿಟ್ಟು ಹಂಚಿಕೊಂಡವರು ನಮ್ಮ ಪಕ್ಕದಲ್ಲೇ ಇದ್ದಾರೆ. 2000ರ ದಶಕದಲ್ಲಿ ಆಂಧ್ರದಲ್ಲಿ ಅನಂತಪುರ, ಚಿತ್ತೂರು ಸೇರಿ ಏಳು ಬರದ ಜಿಲ್ಲೆಗಳಲ್ಲಿ ರೈತರೇ ಅಂತರ್ಜಲ ನೋಡಿಕೊಳ್ಳುವ ಒಂದು ಯೋಜನೆ ನಡೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅದಕ್ಕೆ ಬೆಂಬಲವಾಗಿತ್ತು. ರೈತರು ಮಳೆ ಅಳೆದರು, ಬೋರಿನ ನೀರಿನ ಮಟ್ಟ ಅಳೆದರು, ಹಿಂಗಾರಿಗೆ ಮೊದಲು ಕೂತು ಇರುವ ನೀರಿಗೆ ಯಾವ ಬೆಳೆ ಎಂದು ಲೆಕ್ಕ ಹಾಕಿದರು. ಯಾರಿಗೂ ಪಂಪ್ ನಿಲ್ಲಿಸಿ ಎಂದು ಆಜ್ಞೆ ಇರಲಿಲ್ಲ. 2019ರ ಡಿಸೆಂಬರಿನಲ್ಲಿ ಶುರುವಾದ ಕೇಂದ್ರದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಿದ್ದವು. ಅಲ್ಲೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೀರಿನ ಬಜೆಟ್ ಮಾಡುವ ಮಾತೇ ಮುಖ್ಯ.

ಲೆಕ್ಕವನ್ನೇ ತಿರುಗಿಸುವ ಪ್ರಯತ್ನವೂ ಆಗಿದೆ. 2014ರಲ್ಲಿ ರಾಜ್ಯ ಸರ್ಕಾರ ‘ಸೂರ್ಯ ರೈತ’ ಯೋಜನೆ ಪ್ರಕಟಿಸಿ ಕನಕಪುರದ ಹಾರೋಬೆಲೆ ಕಡೆ ಪ್ರಯೋಗಕ್ಕೆ ಇಳಿಯಿತು. ಸೋಲಾರಿನಲ್ಲಿ ಹಗಲೇ ಪಂಪು ಓಡಲಿ, ರೈತ ಬಳಸದೆ ಉಳಿಸಿದ ಕರೆಂಟನ್ನು ಗ್ರಿಡ್ಡಿಗೆ ಕೊಟ್ಟರೆ ಹಣ ಬರಲಿ ಎಂಬುದು ಅದರ ಆಲೋಚನೆ. ಉಳಿಸಿದರೆ ಲಾಭ ಎಂದಾದರೆ ನಮ್ಮ ಪೆಟ್ಟಿಗೆಗೂ ಈಜುಕೊಳದ ಪೆಟ್ಟಿಗೆಯ ಬುದ್ಧಿ ಬರುತ್ತದೆ.

ಸರ್ಕಾರದ ಯೋಜನೆ ಬರುವ ತನಕ ಕಾಯಬೇಕಾಗಿಲ್ಲದ ಕೆಲಸ ಮೂರಿವೆ. ಒಂದು, ಒಂದೇ ಟಿಸಿಯ ರೈತರು ಮಾತಾಡಿಕೊಂಡು ಆಟೋ ಪೆಟ್ಟಿಗೆಯ ಟೈಮರನ್ನು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಇಡುವುದು: ಒಬ್ಬರದು ಅರ್ಧ ನಿಮಿಷ, ಇನ್ನೊಬ್ಬರದು ಒಂದು ನಿಮಿಷ, ಮತ್ತೊಬ್ಬರದು ಒಂದೂವರೆ. ಟಿಸಿ ಉಳಿಯುತ್ತದೆ. ಎರಡು, ಮೊಬೈಲ್ ಸ್ಟಾರ್ಟರ್ ಕೊಳ್ಳುವಾಗ ಡ್ರೈ ರನ್ ಇದೆಯೇ, ಎಷ್ಟು ಹೊತ್ತು ಓಡಿತೆಂಬ ಲೆಕ್ಕ ಉಳಿಸಿಡುತ್ತದೆಯೇ ಕೇಳುವುದು. ತೊಟ್ಟಿಗೆ ನೀರು ಬಿಡುವವರು ಫ್ಲೋಟ್ ಸ್ವಿಚ್ಚನ್ನೂ ಜೋಡಿಸಿದರೆ ತೊಟ್ಟಿ ತುಂಬಿ ಹರಿಯುವುದು ತಪ್ಪುತ್ತದೆ. ಮೂರು, ತಿಂಗಳಿಗೊಮ್ಮೆ ಡ್ರೈ ರನ್ ಆಗಲು ಎಷ್ಟು ಹೊತ್ತು ಹಿಡಿಯಿತೆಂದು ಕ್ಯಾಲೆಂಡರಿನ ಮೇಲೆ ಬರೆಯುವುದು. ಅಕ್ಕಪಕ್ಕದ ಹತ್ತು ಮನೆಯವರು ಹೀಗೆ ಬರೆದು ಟೊಮೆಟೊ ನಾಟಿಗೆ ಮೊದಲು ಒಂದು ಸಂಜೆ ಕೂತು ನೋಡಿದರೆ, ಈ ಸಲ ಎಷ್ಟು ಎಕರೆಗೆ ಕೈ ಹಾಕಬಹುದು ಎಂಬುದು ಸಾಲ ಮಾಡುವ ಮೊದಲೇ ತಿಳಿಯುತ್ತದೆ.

ನೀರುಗಂಟಿ ಮಾಡುತ್ತಿದ್ದುದು ಇದೇ ಕೆಲಸ. ಅವನ ಕಣ್ಣು ಕೆರೆಯ ಮೇಲಿತ್ತು. ಈಗ ಕೆಳಗಿನ ಸುದ್ದಿ ಪ್ರತಿ ರಾತ್ರಿ ನಮ್ಮ ಫೋನಿಗೇ ಬರುತ್ತಿದೆ. ಅದನ್ನು ಅಳಿಸುವ ಮೊದಲು ಒಂದು ಸಲ ಓದಿ.